ಮೂರು ಸಲ ಕೇಳುವ ಕೋರ್ಟು

ನಮ್ಮೂರಿನ ಕೈತಪ್ಪಿನ ಜೈಲಿನಲ್ಲಿ ಸದ್ಯಕ್ಕೆ ನಲವತ್ತೊಂದು ಏಣಿಗಳಿವೆ. ಬಾವಿಯ ರಾಟೆಗಳು, ತೂಗುಮಂಚಗಳು, ಒಂದು ರೋಡ್ ರೋಲರ್, ಇಪ್ಪತ್ತೆಂಟು ಸೀಟಿನ ಒಂದು ಬಸ್ಸು ಇವೆ. ಬಸ್ಸನ್ನು ಒಳಗೆ ಹಾಕಲು ಕಾಂಪೌಂಡ್ ಗೋಡೆ ಒಡೆದು ಮತ್ತೆ ಕಟ್ಟಿಸಬೇಕಾಯಿತು. ಕಟ್ಟುವಾಗ ಗಾರೆ ಕೆಲಸದವನೊಬ್ಬ ಮೇಲಿಂದ ಬಿದ್ದು ಸತ್ತ. ಅವನು ನಿಂತಿದ್ದ ಹಲಗೆಯೂ ಈಗ ಒಳಗೇ ಇದೆ, ಬಸ್ಸಿನ ಪಕ್ಕದಲ್ಲಿ. ಭಾನುವಾರ ಭೇಟಿಯ ದಿನ. ಜನ ಹಳೆಯ ಬಟ್ಟೆ ತಂದು ತಮ್ಮ ತಮ್ಮ ವಸ್ತುಗಳ ಧೂಳು ಒರೆಸಿ, ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ. ಹಿಂದಿನ ಸಾಲಿನಲ್ಲಿ ಒಂದು ಬಚ್ಚಲ ಕಲ್ಲಿತ್ತು. ಅದನ್ನು ನೋಡಲು ಯಾರೂ ಬಂದಿರಲಿಲ್ಲ. ಆ ವಿಷಯ ಆಮೇಲೆ ಹೇಳುತ್ತೇನೆ.

ನಾನು ಕೈತಪ್ಪಿನ ಕೇಸುಗಳ ವಕೀಲೆ. ಹೆಸರು ಇಂದುಮತಿ, ಊರಿನವರಿಗೆ ಲಾಯರಮ್ಮ. ಕೊಲ್ಲಬೇಕೆಂದೇ ಕೊಂದವರಿಗೆ ಬೇರೆ ಕೋರ್ಟಿದೆ, ಬೇರೆ ಜೈಲಿದೆ, ಬೇರೆ ವಕೀಲರಿದ್ದಾರೆ. ಕೈ ತಪ್ಪಿಯೋ ಗಮನ ತಪ್ಪಿಯೋ ಇನ್ನೊಬ್ಬರ ಜೀವ ಹೋದಾಗ ನನ್ನ ಹತ್ತಿರ ಬರುತ್ತಾರೆ. ಹದಿನೇಳು ವರ್ಷಗಳಲ್ಲಿ ನನ್ನ ಕಕ್ಷಿದಾರರಲ್ಲಿ ಒಬ್ಬರೂ ಒಳಗೆ ಹೋಗಿರಲಿಲ್ಲ. ಅದರಲ್ಲಿ ನನ್ನ ಜಾಣತನವೇನೂ ಹೆಚ್ಚಿಲ್ಲ. ಈ ಕೋರ್ಟಿನಲ್ಲಿ ಪ್ರತಿ ಸಾವಿಗೂ ಇಬ್ಬರು ಆರೋಪಿಗಳು: ಮನುಷ್ಯ, ಮತ್ತು ಅವನ ಕೈಯಲ್ಲಿದ್ದ ವಸ್ತು. ಇಬ್ಬರಲ್ಲಿ ಒಬ್ಬರಿಗೆ ಶಿಕ್ಷೆ. ಗುಮಾಸ್ತರು ಮೊದಲು ವಸ್ತುವನ್ನು ಕಟಕಟೆಗೆ ಕರೆಸಿ, "ಈ ಸಾವು ನಿನ್ನಿಂದ ಆಯಿತೇ?" ಎಂದು ಮೂರು ಸಲ ಕೇಳುತ್ತಾರೆ. ಮೂರು ಸಲವೂ ಅದು ಸುಮ್ಮನಿದ್ದರೆ ಒಪ್ಪಿಕೊಂಡಿತು ಎಂದು ಬರೆದುಕೊಳ್ಳುತ್ತಾರೆ. ಏಣಿ ಸುಮ್ಮನಿರುತ್ತದೆ. ಒನಕೆ ಸುಮ್ಮನಿರುತ್ತದೆ. ನನ್ನ ಕಕ್ಷಿದಾರರು ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಊಟಕ್ಕೆ ಕೂರುತ್ತಾರೆ. ಅವರು ಕೋರ್ಟಿನಲ್ಲಿ ಹೇಳಬೇಕಾದದ್ದು ಒಂದೇ ಮಾತು: "ಅದೇ ಮಾಡ್ತು, ನಾನು ಪಕ್ಕದಲ್ಲಿದ್ದೆ." ಅದಕ್ಕಿಂತ ಹೆಚ್ಚು ಮಾತಾಡದ ಹಾಗೆ ನೋಡಿಕೊಳ್ಳುವುದೇ ನನ್ನ ಕಸುಬು.

ಮಗು ಎಡವಿ ಬಿದ್ದರೆ ನೆಲಕ್ಕೆ ನಾಲ್ಕು ಏಟು ಹಾಕಿ ಸಮಾಧಾನ ಮಾಡುವುದು ಎಲ್ಲ ಊರುಗಳಲ್ಲೂ ಇದೆ. ನಮ್ಮೂರು ಅಲ್ಲಿಗೇ ನಿಲ್ಲಲಿಲ್ಲ, ಅಷ್ಟೆ.

ವಸ್ತುಗಳ ಪರವಾಗಿ ವಾದಿಸಲು ಕರಿಬಸಯ್ಯನವರು ಎಂಬ ಸರ್ಕಾರಿ ವಕೀಲರಿದ್ದಾರೆ. ಮೂವತ್ತು ವರ್ಷಗಳಲ್ಲಿ ಒಂದು ಕೇಸನ್ನೂ ಗೆದ್ದಿರಲಿಲ್ಲ. ಆದರೂ ಪ್ರತಿ ವಿಚಾರಣೆಗೆ ಮುಂಚೆ ತಮ್ಮ ಕಕ್ಷಿದಾರರ ಬಳಿ ಕುಳಿತು, "ಇವತ್ತಾದ್ರೂ ಬಾಯಿ ಬಿಡಪ್ಪ," ಎಂದು ಬೇಡಿಕೊಳ್ಳುತ್ತಿದ್ದರು. ಕೋರ್ಟಿನ ಕ್ಯಾಂಟೀನಿನಲ್ಲಿ ಅವರು ಬೆಂಚಿನ ಮೇಲೆ ಕೂರುವ ಮೊದಲು ಅದನ್ನು ಒಂದು ಸಲ ಸವರುತ್ತಿದ್ದುದನ್ನು ನೋಡಿ ನಾವೆಲ್ಲ ನಗುತ್ತಿದ್ದೆವು.

ಸರ್ವಮಂಗಳಮ್ಮ ನನ್ನ ಆಫೀಸಿಗೆ ಬಂದದ್ದು ಒಂದು ಸೋಮವಾರ. ಐವತ್ತನಾಲ್ಕು ವಯಸ್ಸು, ದಪ್ಪ ಕನ್ನಡಕ, ಸೆರಗಿನ ತುದಿಯಲ್ಲಿ ಸಿಕ್ಕಿಸಿಕೊಂಡು ಮರೆತ ಒಂದು ಸೂಜಿ. ಗಂಡ ಶಾಂತವೀರಪ್ಪನವರೂ ಜೊತೆಗಿದ್ದರು. ಕುರ್ಚಿಯಲ್ಲಿ ಕೂತದ್ದೂ ಅವರೇ, ಮಾತಾಡಿದ್ದೂ ಅವರೇ.

"ಕೇಸು ಸರಳ ಇದೆ ಲಾಯರಮ್ಮ. ಸೈಕಲ್ಲು ಡ್ರಾಯಿಂಗ್ ಮೇಷ್ಟ್ರಿಗೆ ಗುದ್ತು. ಇವಳು ಅದರ ಮೇಲಿದ್ಲು, ಅಷ್ಟೆ. ಬರ್ಕೊಳ್ಳಿ."

ಊರಿಗೆಲ್ಲ ಗೊತ್ತಿದ್ದ ಸಂಗತಿಯೇ. ನೀರಿನ ಟ್ಯಾಂಕಿನಿಂದ ಪೇಟೆಗೆ ಇಳಿಯುವ ರಸ್ತೆಯಲ್ಲಿ ಬೆಳಗಿನ ಎಂಟೂವರೆಗೆ ಸರ್ವಮಂಗಳಮ್ಮನ ಸೈಕಲ್ಲು, ಕರಿಬೇವಿನ ಕಟ್ಟು ಹಿಡಿದು ಗಲ್ಲಿಯಿಂದ ಹೊರಬಂದ ಅಚ್ಯುತರಾಯರಿಗೆ ಬಡಿದಿತ್ತು. ಅವರು ಒಂದು ಮಾತೂ ಇಲ್ಲದೆ ಅಲ್ಲೇ ಪ್ರಾಣ ಬಿಟ್ಟರು. ಊರಿನ ಅರ್ಧ ಜನಕ್ಕೆ ಮಾವಿನಹಣ್ಣಿನ ಚಿತ್ರ ಬಿಡಿಸುವುದನ್ನು ಕಲಿಸಿದ ಮೇಷ್ಟ್ರು.

"ಬ್ರೇಕ್ ಹಿಡೀಲಿಲ್ಲ, ಅಲ್ವಾ?" ಎಂದು ನಾನು ಬರೆದುಕೊಳ್ಳಲು ಶುರು ಮಾಡಿದೆ.

"ಬ್ರೇಕ್ ಚೆನ್ನಾಗಿತ್ತು," ಎಂದಳು ಸರ್ವಮಂಗಳಮ್ಮ. "ನಾನು ಹಿಡೀಲಿಲ್ಲ."

ಶಾಂತವೀರಪ್ಪನವರು ನಕ್ಕರು. "ಇವಳಿಗೆ ಮಾತಾಡೋಕೆ ಬರಲ್ಲ. ನೀವು ಸರಿ ಮಾಡ್ಕೊಂಡು ಬರ್ಕೊಳ್ಳಿ."

ಅವರನ್ನು ಟೀ ಕುಡಿದು ಬರಲು ಕಳಿಸಿದೆ. ಕಕ್ಷಿದಾರರು ಹೀಗೆ ಮಾತಾಡಿದಾಗ ಹೆದರಿಸುವುದು ರೂಢಿ. "ನೋಡಿ ಸರ್ವಮಂಗಳಮ್ಮ, ಐದು ವರ್ಷದವರೆಗೂ ಶಿಕ್ಷೆ ಆಗ್ಬಹುದು. ಆ ಜೈಲಿಗೆ ಇದುವರೆಗೆ ಮನುಷ್ಯರು ಹೋಗಿಲ್ಲ. ಅಲ್ಲಿ ಕಕ್ಕಸು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಸೈಕಲ್ಲಿಗಾದ್ರೆ ಊಟ ಬೇಡ, ನಿದ್ದೆ ಬೇಡ. ಅದು ನಿಂತಿರುತ್ತೆ."

ಅವಳು ಸೆರಗಿನ ಸೂಜಿಯನ್ನು ಗಮನಿಸಿ, ತೆಗೆದು, ನನ್ನ ಕ್ಯಾಲೆಂಡರಿನ ಅಂಚಿಗೆ ಚುಚ್ಚಿಟ್ಟಳು. "ನಮ್ಮ ಬೀದೀಲಿ ಮೂವತ್ತು ವರ್ಷದಿಂದ ಬ್ಲೌಸ್ ಹೊಲೀತಿದ್ದೀನಿ ಲಾಯರಮ್ಮ. ನೀವೀಗ ಹಾಕ್ಕೊಂಡಿದ್ದೀರಲ್ಲ, ಅದೂ ನಾನು ಹೊಲಿದಿದ್ದೇ. ನಿಮ್ಮ ಪಕ್ಕದ ಮನೆಯವರ ಕೈಲಿ ಕೊಟ್ಟು ಕಳಿಸಿದ್ರಿ. ಎಲ್ರೂ ಏನಂತಾರೆ ಗೊತ್ತಾ? ಆ ಮಿಷನ್ ಎಷ್ಟು ಚೆನ್ನಾಗಿ ಹೊಲಿಯುತ್ತೆ ಅಂತಾರೆ. ಹೋದ ವರ್ಷ ಮಹಿಳಾ ಸಮಾಜದವರು ಮಿಷನ್ನಿಗೆ ಸನ್ಮಾನ ಮಾಡಿದ್ರು. ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆದ್ರು."

"ನೀವೆಲ್ಲಿದ್ರಿ?"

"ಪಕ್ಕದಲ್ಲಿದ್ದೆ. ಶಾಲು ಜಾರದ ಹಾಗೆ ಹಿಡ್ಕೊಂಡಿದ್ದೆ."

ನಾನು ನಗಬಾರದಿತ್ತು, ನಕ್ಕೆ. ಅವಳೂ ನಕ್ಕಳು. ಮನೆಗೆ ಬಂದ ನೆಂಟರಿಗೆ ಶಾಂತವೀರಪ್ಪನವರು ಸಾರು ಮಾಡೋದ್ರಲ್ಲಿ ನಮ್ಮ ಕಲ್ಲಿನ ಪಾತ್ರೆಯನ್ನ ಮೀರಿಸೋರಿಲ್ಲ ಎನ್ನುತ್ತಾರಂತೆ. ಮಗಳು ಪರೀಕ್ಷೆಯಲ್ಲಿ ಮೊದಲು ಬಂದಾಗ ಅವಳು ಓದುತ್ತಿದ್ದ ದೀಪಕ್ಕೆ ಆರತಿ ಎತ್ತಿದರಂತೆ. ಪಕ್ಕದಲ್ಲಿ ಕೂತು ಪಾಠ ಹೇಳಿಕೊಡುತ್ತಿದ್ದವಳು ಇವಳು.

"ಸೈಕಲ್ ಕಲಿತದ್ದು ಐವತ್ಮೂರಕ್ಕೆ. ಹೈಸ್ಕೂಲ್ ಮೈದಾನದಲ್ಲಿ ಒಬ್ಬಳೇ ಬಿದ್ದು ಎದ್ದು ಕಲಿತೆ. ಆ ಇಳಿಜಾರಲ್ಲಿ ದಿನಾ ಬ್ರೇಕ್ ಹಿಡ್ಕೊಂಡೇ ಇಳೀತಿದ್ದೆ. ಅವತ್ತು ಟ್ಯಾಂಕಿನ ಹತ್ರ ನಿಂತಾಗ, ಒಂದೇ ಒಂದು ಸಲ ಹಿಡೀಬಾರ್ದು ಅನ್ನಿಸ್ತು. ಬೆಲ್ಲೂ ಮಾಡಲಿಲ್ಲ. ಕಿವೀಲೆಲ್ಲ ಗಾಳಿ. ಅಷ್ಟು ಸಂತೋಷ ನನಗೆ ಮದುವೇಲಿ ಆಗ್ಲಿಲ್ಲ, ಹೆರಿಗೇಲಿ ಆಗ್ಲಿಲ್ಲ. ಆಮೇಲೆ ಮೇಷ್ಟ್ರು ಬಂದ್ರು." ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಆ ಸಂತೋಷ ನಂದಾದ್ರೆ ಆ ಸಾವೂ ನಂದೇ. ಒಂದನ್ನ ಇಟ್ಕೊಂಡು ಇನ್ನೊಂದನ್ನ ಸೈಕಲ್ಲಿಗೆ ಕೊಡೋಕಾಗಲ್ಲ."

"ಹೀಗೆಲ್ಲ ಕೋರ್ಟಲ್ಲಿ ಹೇಳ್ಬೇಡಿ," ಎಂದೆ. ಹದಿನೇಳು ವರ್ಷದ ಅಭ್ಯಾಸ.

ಆ ವಾರವೆಲ್ಲ ನಾನು ಅವಳನ್ನು ಉಳಿಸುವ ದಾರಿ ಹುಡುಕಿದೆ. ಸೈಕಲ್ಲು ಬೇಡವೆಂದರೆ ಇಳಿಜಾರಿನ ಮೇಲೆ ಹೊರಿಸಬಹುದೇ ಎಂದು ಕರಿಬಸಯ್ಯನವರನ್ನೇ ಕೇಳಿದೆ. "ಇಳಿಜಾರನ್ನ ಒಳಗೆ ಹಾಕ್ಬೇಕು ಅಂದ್ರೆ ಜೈಲನ್ನೇ ಅಲ್ಲಿಗೆ ತಗೊಂಡು ಹೋಗ್ಬೇಕಮ್ಮ," ಎಂದರು ಅವರು ಗಂಭೀರವಾಗಿ. ಮೇಷ್ಟ್ರ ತಲೆಗೆ ತಗುಲಿದ ರಸ್ತೆಯಂಚಿನ ಕಲ್ಲಿನ ಮೇಲೆ ಹೊರಿಸಬಹುದಿತ್ತು. ಆದರೆ ಅದು ಹಿಂದೊಮ್ಮೆ ಇನ್ನೊಂದು ಕೇಸಿನಲ್ಲಿ ಶಿಕ್ಷೆ ಮುಗಿಸಿ ಬಂದು, ಒಳ್ಳೆಯ ನಡತೆಯ ಮೇಲೆ ಅದೇ ಜಾಗಕ್ಕೆ ಮರಳಿದ ಕಲ್ಲು. ಮತ್ತೆ ಎಳೆಯಲು ಮನಸ್ಸಾಗಲಿಲ್ಲ.

ವಿಚಾರಣೆಯ ಹಿಂದಿನ ದಿನ ಮೇಷ್ಟ್ರ ಹೆಂಡತಿ ಕಾಶೀಬಾಯಿ ಆಫೀಸಿಗೆ ಬಂದರು. ಸತ್ತವರ ಕಡೆಯವರು ನನ್ನ ಬಾಗಿಲಿಗೆ ಬರುವುದಿಲ್ಲ. ಬಂದರೂ ಬೈಯಲು ಬರುತ್ತಾರೆ. ಈಕೆ ಕೂತು, ನೀರು ಕುಡಿದು, ಲೋಟವನ್ನು ಮೇಜಿನ ನಡುವಿಗೆ ಸರಿಸಿಟ್ಟರು.

"ನಾಳೆ ನಿಮ್ಮ ಸೈಕಲ್ಲಿಗೆ ಶಿಕ್ಷೆ ಆಗುತ್ತೆ. ಹೌದಲ್ವೇ?"

"ಸಾಮಾನ್ಯವಾಗಿ ಹಾಗೇ ಆಗುತ್ತೆ ತಾಯಿ."

"ಆಮೇಲೆ ಎಲ್ಲರೂ ನಮ್ಮನೆಗೆ ಬಂದು, ಸದ್ಯ ನ್ಯಾಯ ಸಿಕ್ತು ಅಂತಾರೆ. ಭಾನುವಾರ ಜೈಲಿಗೆ ಹೋದ್ರೆ ಆ ಸೈಕಲ್ಲು ಅಲ್ಲಿ ಸ್ಟ್ಯಾಂಡ್ ಹಾಕ್ಕೊಂಡು ನಿಂತಿರುತ್ತೆ. ನಾನು ಅದಕ್ಕೆ ಬೈದು ಬರಬೇಕು. ಅಲ್ಲಮ್ಮಾ, ನಲವತ್ತು ವರ್ಷ ಸಂಸಾರ ಮಾಡಿದೋಳು ನಾನು. ನನ್ನನ್ನ ಏನು ಮೂರು ವರ್ಷದ ಮಗು ಅಂದ್ಕೊಂಡಿದ್ದೀರಾ, ನೆಲಕ್ಕೆ ಹೊಡೆದು ಸಮಾಧಾನ ಮಾಡೋಕೆ?"

ಆಕೆ ಬಾಗಿಲವರೆಗೆ ಹೋಗಿ ತಿರುಗಿದರು. "ಆಕೆ ಒಂದು ಸಲ ನನ್ನ ಮುಖ ನೋಡಿ, ನಾನೇ ಮಾಡ್ದೆ ಅಂದ್ರೆ ಸಾಕು. ಆಮೇಲೆ ಬೈತೀನೋ, ಅಳ್ತೀನೋ, ಏನೋ ಒಂದು ಮಾಡ್ಕೋತೀನಿ. ಸೈಕಲ್ಲಿನ ಮುಂದೆ ಅಳೋಕೆ ನನಗೆ ಬರಲ್ಲ."

ಮರುದಿನ ಕೋರ್ಟು ತುಂಬಿತ್ತು. ಸೈಕಲ್ಲನ್ನು ಕಟಕಟೆಯಲ್ಲಿ ನಿಲ್ಲಿಸಿದ್ದರು. ಕರಿಬಸಯ್ಯನವರು ಅದರ ಹ್ಯಾಂಡಲ್ಲನ್ನು ಪಂಚೆಯ ತುದಿಯಿಂದ ಒರೆಸಿ, "ಸ್ವಾಮಿ, ನನ್ನ ಕಕ್ಷಿದಾರನ ಬ್ರೇಕುಗಳು ಸರಿಯಾಗಿವೆ, ಪರೀಕ್ಷೆ ಆಗಲಿ," ಎಂದರು. ಪ್ರತಿ ಕೇಸಿನಲ್ಲೂ ಅವರು ಕೇಳುವ ಪರೀಕ್ಷೆ ಇದು. ನಾನು ಆಕ್ಷೇಪಿಸಿ ಆಗಗೊಡುತ್ತಿರಲಿಲ್ಲ. ಅವತ್ತು ಏಳಲು ತಡಮಾಡಿದೆ. ಜಡ್ಜ್ ಸಾಹೇಬರು ನನ್ನತ್ತ ನೋಡಿ, ಕಾದು, ಸರಿ ಎಂದುಬಿಟ್ಟರು.

ಎಲ್ಲರೂ ಅಂಗಳಕ್ಕೆ ಬಂದೆವು. ಅಟೆಂಡರ್ ಮಲ್ಲೇಶಯ್ಯ ಡವಾಲಿಯ ಪಟ್ಟಿಯನ್ನು ಹೆಗಲಿಗೆ ಸುತ್ತಿಕೊಂಡು ಸೈಕಲ್ಲು ಹತ್ತಿದ. ಧ್ವಜಕಂಬದ ಸುತ್ತ ಎರಡು ಸುತ್ತು ಹೊಡೆದು, ಮೂರನೆಯದರಲ್ಲಿ ಜೋರಾಗಿ ಬಂದು ಬ್ರೇಕ್ ಹಿಡಿದ. ಬ್ರೇಕು ಎಷ್ಟು ಚೆನ್ನಾಗಿತ್ತೆಂದರೆ ಸೈಕಲ್ಲು ನಿಂತಿತು, ಮಲ್ಲೇಶಯ್ಯ ನಿಲ್ಲಲಿಲ್ಲ. ಅವನು ಹ್ಯಾಂಡಲ್ಲಿನ ಮೇಲಿಂದ ಹಾರಿ ಧ್ವಜಕಂಬವನ್ನು ತಬ್ಬಿಕೊಂಡ. ಮೊಣಕೈ ತರಚಿತು. ಇನ್‌ಸ್ಪೆಕ್ಟರು ಅಲ್ಲೇ ಧ್ವಜಕಂಬದ ಮೇಲೆ ಬೇರೆ ಕೇಸು ಬರೆದುಕೊಂಡರು.

ಒಳಗೆ ಬಂದು ಕೂತ ಮೇಲೆ ಗುಮಾಸ್ತರು ಎದ್ದರು. ಬ್ರೇಕು ಚೆನ್ನಾಗಿರುವುದಕ್ಕೂ ತೀರ್ಪಿಗೂ ಸಂಬಂಧವಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಕರಿಬಸಯ್ಯನವರಿಗೂ ಗೊತ್ತಿತ್ತು. ಅವರು ಆಗಲೇ ಕಾಗದಗಳನ್ನು ಚೀಲಕ್ಕೆ ತುಂಬುತ್ತಿದ್ದರು.

"ಈ ಸಾವು ನಿನ್ನಿಂದ ಆಯಿತೇ?"

ಸೈಕಲ್ಲು ಸುಮ್ಮನಿತ್ತು. ಶಾಂತವೀರಪ್ಪನವರು ಮೊದಲ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

"ಈ ಸಾವು ನಿನ್ನಿಂದ ಆಯಿತೇ?"

ಸುಮ್ಮನಿತ್ತು. ಸರ್ವಮಂಗಳಮ್ಮ ನನ್ನ ಪಕ್ಕದಲ್ಲಿ ನಿಂತಿದ್ದಳು. ಅವಳ ಕೈ ಹಿಡಿಯಬೇಕು, ಅದುಮಬೇಕು, ಇನ್ನೊಂದು ನಿಮಿಷ ಸುಮ್ಮನಿರಿ ಎನ್ನಬೇಕು. ಅದೇ ನನ್ನ ಕಸುಬು. ನಾನು ಕೈ ಚಾಚಿದ್ದೆ ಕೂಡ. ಆಗ ಕಾಶೀಬಾಯಿ ಕಣ್ಣಿಗೆ ಬಿದ್ದರು. ಅವರು ಸೈಕಲ್ಲನ್ನು ನೋಡುತ್ತಿರಲಿಲ್ಲ. ನಾನು ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡೆ.

"ಈ ಸಾವು ನಿನ್ನಿಂದ ಆಯಿತೇ?"

"ಇಲ್ಲ, ನನ್ನಿಂದ ಆಯ್ತು," ಎಂದಳು ಸರ್ವಮಂಗಳಮ್ಮ. ಹೇಳಿದ್ದು ಗುಮಾಸ್ತರಿಗಲ್ಲ, ತಿರುಗಿ ಕಾಶೀಬಾಯಿಯವರಿಗೆ. "ಬ್ರೇಕ್ ಇತ್ತು, ಹಿಡೀಲಿಲ್ಲ. ಬೆಲ್ ಇತ್ತು, ಮಾಡಲಿಲ್ಲ. ನಾನೇ ಮಾಡ್ದೆ ಅಮ್ಮಾ."

ಈ ಕೋರ್ಟಿನಲ್ಲಿ ಆ ಪ್ರಶ್ನೆಗೆ ಉತ್ತರ ಬಂದದ್ದು ಅದೇ ಮೊದಲು. ಗುಮಾಸ್ತರ ಕೈಯಲ್ಲಿದ್ದ ನಮೂನೆಯಲ್ಲಿ ಉತ್ತರ ಬರೆಯಲು ಜಾಗವೇ ಇರಲಿಲ್ಲ. ಶಾಂತವೀರಪ್ಪನವರು ಎದ್ದು ನಿಂತು, "ಇವಳಿಗೆ ಮಾತಾಡೋಕೆ ಬರಲ್ಲ ಸ್ವಾಮಿ!" ಎಂದು ಕೂಗಿದರು. ಕಾಶೀಬಾಯಿ ಆಗ ಅತ್ತರು. ಸೆರಗು ಬಾಯಿಗೆ ಒತ್ತಿಕೊಳ್ಳದೆ, ಎಲ್ಲರಿಗೂ ಕೇಳಿಸುವ ಹಾಗೆ. ನಡುವೆ ಒಮ್ಮೆ, "ಕಣ್ಣು ಕಾಣ್ತಿರಲಿಲ್ವೇನೇ ನಿನಗೆ!" ಎಂದು ಚೀರಿದರು. "ಕಾಣ್ತಿತ್ತು ಅಮ್ಮಾ," ಎಂದಳು ಇವಳು. ಜಡ್ಜ್ ಸಾಹೇಬರು ಸುತ್ತಿಗೆ ಎತ್ತಿದವರು ಹಾಗೇ ಹಿಡಿದುಕೊಂಡರು.

ಎರಡು ವರ್ಷ ಶಿಕ್ಷೆಯಾಯಿತು. ಸೈಕಲ್ಲು ಖುಲಾಸೆಯಾಯಿತು. ಕರಿಬಸಯ್ಯನವರು ಮೂವತ್ತು ವರ್ಷಗಳಲ್ಲಿ ಮೊದಲ ಸಲ ಗೆದ್ದು, ಏನು ಮಾಡಬೇಕೆಂದು ತಿಳಿಯದೆ ಸೈಕಲ್ಲಿನ ಬೆಲ್ಲನ್ನು ಒಂದು ಸಲ ಬಾರಿಸಿದರು. ಶಾಂತವೀರಪ್ಪನವರು ಆ ಸೈಕಲ್ಲು ಮನೆಗೆ ಬರಕೂಡದು ಎಂದದ್ದರಿಂದ ಅದನ್ನು ಕರಿಬಸಯ್ಯನವರೇ ತಳ್ಳಿಕೊಂಡು ಹೋದರು. ಈಗ ದಿನಾ ಬೆಳಿಗ್ಗೆ ಹೈಸ್ಕೂಲ್ ಮೈದಾನದಲ್ಲಿ ಬೀಳುತ್ತಾರೆ.

ಶಿಕ್ಷೆಯೇನೋ ಆಯಿತು, ಇಡುವುದಕ್ಕೆ ಜಾಗವಿರಲಿಲ್ಲ. ಪ್ರತಿ ಕೋಣೆಯಲ್ಲೂ ಸೂರಿನವರೆಗೆ ವಸ್ತುಗಳು. ಜೈಲರು ನಾಲ್ಕು ದಿನ ತೆಗೆದುಕೊಂಡು ಹೆಂಗಸರ ವಾರ್ಡಿನ ಒಂದು ಮೂಲೆ ಖಾಲಿ ಮಾಡಿಸಿದರು. ಅಲ್ಲಿಯವರೆಗೆ ಅವಳು ಬಸ್ಸಿನಲ್ಲಿ ಮಲಗಿದಳು, ಮಹಿಳೆಯರಿಗೆ ಎಂದು ಬರೆದ ಸೀಟಿನ ಮೇಲೆ. ಗಂಡ ಭೇಟಿಗೆ ಬರಲಿಲ್ಲ. ಬದಲಿಗೆ ಹೊಲಿಗೆ ಮಿಷನ್ನನ್ನು ಕಳಿಸಿಕೊಟ್ಟರು. ಕೂತಲ್ಲಿಂದಲೇ ಬ್ಲೌಸ್ ಹೊಲಿಯಲಿ ಎಂದಿರಬೇಕು.

ಎರಡನೇ ಭಾನುವಾರ ನಾನು ಹೋದೆ. ಜೈಲಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಹೆಂಗಸರ ವಾರ್ಡೆಂದರೆ ಸೀಮೆಎಣ್ಣೆ ಸ್ಟೌಗಳು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಸಾಲಾಗಿ ಹಿತ್ತಾಳೆಯವು, ತಗಡಿನವು, ಕರಿ ಹಿಡಿದವು. ಎಲ್ಲ ಸೊಸೆಯಂದಿರ ಕೇಸು. ಪಂಪು ಹೊಡೆಯುವಾಗ ಸ್ಟೌ ಸಿಡಿಯಿತು, ಅದೇ ಮಾಡ್ತು, ನಾವು ಪಕ್ಕದಲ್ಲಿದ್ದೆವು. ಹೇಳಿದವರು ಗಂಡಂದಿರು, ಅತ್ತೆಯರು. ಹೇಳಿಕೊಟ್ಟವರು ನಾವು ವಕೀಲರು. ಅವುಗಳಲ್ಲಿ ಏಳು ನನ್ನ ಕೇಸುಗಳು. ಏಳೂ ಮೂರು ಸಲ ಕೇಳಿದಾಗಲೂ ಸುಮ್ಮನಿದ್ದವು.

ಸರ್ವಮಂಗಳಮ್ಮ ಚಾಪೆಯ ಮೇಲೆ ಕೂತು ಬಿಳಿ ಬಟ್ಟೆಯ ಪಟ್ಟಿಗಳ ಅಂಚು ಹೊಲಿಯುತ್ತಿದ್ದಳು. "ಬನ್ನಿ ಲಾಯರಮ್ಮ. ಕಕ್ಕಸು ಇದೆ ಕಣ್ರೀ ಇಲ್ಲಿ, ಸುಮ್ನೆ ಹೆದರಿಸಿದ್ರಿ," ಎಂದಳು. ಆಮೇಲೆ ಸ್ಟೌಗಳ ಕಡೆ ಗಲ್ಲ ಎತ್ತಿದಳು. "ಇವಕ್ಕೆ ಒಂದೊಂದು ನಂಬರ್ ಇದೆ, ಹೆಸರಿಲ್ಲ. ಹೆಸರು ಅಂದ್ರೆ ಸ್ಟೌದಲ್ಲ, ಹೋದ ಹುಡುಗೀರ್ದು. ಪಟ್ಟಿ ಮೇಲೆ ದಾರದಲ್ಲಿ ಬರ್ದು ಕಟ್ಟೋಣ ಅಂತ. ನಿಮ್ಮ ಕೇಸುಗಳ ಹೆಸರು ನೆನಪಿದ್ರೆ ಹೇಳಿ."

ನಾನು ನೆನಪು ಮಾಡಿಕೊಂಡೆ. ಗಂಡಂದಿರ ಹೆಸರು ಏಳೂ ನೆನಪಾದವು. ಹುಡುಗಿಯರದು ಮೂರು.

"ಪರ್ವಾಗಿಲ್ಲ, ಉಳಿದಿದ್ದು ಫೈಲ್ ನೋಡಿ ತಿಳಿಸಿ," ಎಂದಳು, ಹಲ್ಲಿನಿಂದ ದಾರ ಕಡಿಯುತ್ತ. ಅವಳು ನನ್ನ ಮೇಲೆ ಸಿಟ್ಟಾಗಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಹೊರಗೆ ಹೋಗುವ ದಾರಿ ಹಿಂದಿನ ಸಾಲಿನ ಪಕ್ಕದಲ್ಲೇ ಇತ್ತು. ಬಚ್ಚಲ ಕಲ್ಲು ಗೋಡೆಗೆ ಒರಗಿ ನಿಂತಿತ್ತು. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎಡಮೂಲೆ ಮುಕ್ಕಾಗಿದ್ದು, ನಮ್ಮ ಮನೆಯದು. ಇಪ್ಪತ್ತೆರಡು ವರ್ಷಗಳ ಹಿಂದೆ ನನ್ನ ಅತ್ತೆ ಅದರ ಮೇಲೆ ಜಾರಿ ಬಿದ್ದು ತೀರಿಕೊಂಡರು. ಆರೋಪಿ ನಾನು. ಆಗ ನನ್ನ ವಕೀಲರು ಹೇಳಿಕೊಟ್ಟ ಹಾಗೆ, ಅದೇ ಮಾಡ್ತು, ನಾನು ಪಕ್ಕದಲ್ಲಿದ್ದೆ ಎಂದೆ. ಕಲ್ಲು ಸುಮ್ಮನಿತ್ತು. ಜೀವಾವಧಿ ಆಯಿತು. ಇಷ್ಟು ಸುಲಭವೇ ಎನ್ನಿಸಿ ನಾನು ಕಾನೂನು ಓದಿದೆ.

ಎಣ್ಣೆ ಸ್ನಾನದ ದಿನ ಅದು. ಎಣ್ಣೆ, ಸೀಗೆಪುಡಿಯ ಲೋಳೆ ಎಲ್ಲ ಕಲ್ಲಿನ ಮೇಲೆ ಉಳಿದಿತ್ತು. ತಿಕ್ಕಿ ತೊಳೆಯುವುದು ನನ್ನ ಕೆಲಸ. ಅತ್ತೆ ಆ ಬೆಳಿಗ್ಗೆ ಮೂರು ಸಲ ಕೇಳಿದ್ದರು: "ಕಲ್ಲು ತೊಳೆದ್ಯೇನೇ?" ನಾನು ಅಡುಗೆಮನೆಯಲ್ಲಿ ಬೇಕೆಂದೇ ತರಕಾರಿ ಹೆಚ್ಚುತ್ತ ನಿಂತಿದ್ದೆ. ಅವರು ಸಾಯಬೇಕೆಂದು ಬಯಸಿರಲಿಲ್ಲ. ಜಾರಲಿ, ಒಂದು ಸಲ ಜಾರಿ ಗಾಬರಿಯಾಗಲಿ ಎಂದುಕೊಂಡಿದ್ದೆ. ಮೂರು ಸಲ ಕೇಳಿದರೂ ನಾನು ಉತ್ತರ ಕೊಡಲಿಲ್ಲ.

ಕಲ್ಲನ್ನು ಮುಟ್ಟಿದೆ. ಸ್ವಚ್ಛವಾಗಿತ್ತು. ಯಾರೋ ತಿಕ್ಕಿ ತೊಳೆದಿದ್ದರು.

"ಆಯಮ್ಮ ಬಂದ ದಿನವೇ ಎಲ್ಲಾನೂ ತೊಳೆದ್ರು," ಎಂದರು ಜೈಲರು ಹಿಂದಿನಿಂದ. "ಇದು ನಿಮ್ದಾ? ಯಾರೂ ಬರಲ್ವಲ್ಲ ಅಂತ ನಾವೇ ಅಂದ್ಕೋತಿದ್ವಿ. ಒಳ್ಳೇ ಕಲ್ಲು ಮೇಡಂ. ಒಂದು ದಿನ ಗಲಾಟೆ ಮಾಡಿಲ್ಲ."

ಮರುವಿಚಾರಣೆಯ ಅರ್ಜಿ ಹಾಕಲು ನನಗೆ ಹನ್ನೊಂದು ದಿನ ಹಿಡಿಯಿತು. ಹತ್ತು ದಿನ ಬರೆಯದೆ ಕೂತದ್ದು. ಕಲ್ಲಿನ ಪರ ವಕೀಲರು ಕರಿಬಸಯ್ಯನವರು. ನನ್ನ ಪರ ಯಾರನ್ನೂ ಇಡಲಿಲ್ಲ. ಸುಮ್ಮನಿರಲು ಹೇಳುವವರು ಪಕ್ಕದಲ್ಲಿದ್ದರೆ ಕಷ್ಟ. ನಾಲ್ಕು ಜನ ಕಲ್ಲನ್ನು ಕೈಗಾಡಿಯಲ್ಲಿ ತಂದು ಕಟಕಟೆಯಲ್ಲಿ ನಿಲ್ಲಿಸಿದರು. ಕರಿಬಸಯ್ಯನವರು ಅದನ್ನು ಸವರಿ, "ಇವತ್ತಾದ್ರೂ..." ಎಂದು ಶುರು ಮಾಡಿದವರು, ನನ್ನ ಮುಖ ನೋಡಿ ನಿಲ್ಲಿಸಿದರು. ಗುಮಾಸ್ತರ ಕೈಯಲ್ಲಿ ಹೊಸ ನಮೂನೆ ಇತ್ತು. ಅದರಲ್ಲಿ ಉತ್ತರಕ್ಕೆಂದು ಒಂದು ಸಾಲು ಖಾಲಿ ಬಿಟ್ಟಿದ್ದರು.

ಅವರು ಕನ್ನಡಕ ಸರಿಮಾಡಿಕೊಂಡು ಕಲ್ಲನ್ನು ಕೇಳಿದರು, "ಈ ಸಾವು ನಿನ್ನಿಂದ ಆಯಿತೇ?"

ನಾನು ಮೂರನೆಯ ಸಲದವರೆಗೆ ಕಾಯಲಿಲ್ಲ.